ಹೊಸ ಕಾಫಿಗೆ ಹಳೆಯ ನಾಲಗೆ

ನಾಲಗೆಗೆ ಎರಡು ಗುಣಗಳುಂಟು. ರುಚಿಯನ್ನು ತಿಳಿಯುವುದು ಒಂದು; ಅಭ್ಯಾಸವನ್ನು ಹಿಡಿಯುವುದು ಇನ್ನೊಂದು. ಮೊದಲನೆಯದು ಹುಟ್ಟಿನಿಂದ ಬಂದದ್ದು, ಎರಡನೆಯದು ಮನೆಯಿಂದ ಬಂದದ್ದು. ಎರಡೂ ಒಂದೇ ಅಂಗದಲ್ಲಿ ವಾಸಮಾಡಿಕೊಂಡಿರುವುದರಿಂದ ಯಾವ ಮಾತನ್ನು ಯಾವುದು ಆಡುತ್ತಿದೆಯೆಂದು ಗೊತ್ತುಮಾಡುವುದು ಸುಲಭವಲ್ಲ. “ಇದು ಚೆನ್ನಾಗಿಲ್ಲ” ಎಂದು ನಾವು ಹೇಳುವಾಗ ನಮ್ಮ ನಿಜವಾದ ಅಭಿಪ್ರಾಯ ಬಹುಮಟ್ಟಿಗೆ “ಇದು ನಮಗೆ ಹೊಸದು” ಎಂಬುದಷ್ಟೆ ಆಗಿರುತ್ತದೆ. ನೆಂಟರ ಮನೆಯ ಸಾರು, ಬೇರೆ ಸೀಮೆಯ ಉಪ್ಪಿನಕಾಯಿ, ಹೊಸ ಸೊಸೆಯ ಕೈಯ ಹುಳಿ, ಇವೆಲ್ಲವೂ ಮೊದಲ ದಿನ ಈ ಗೊಂದಲಕ್ಕೆ ಸಿಕ್ಕಿ ನರಳಿದವುಗಳೇ.

ಈ ತಿಂಗಳು ವಾಚಕರ ಮುಂದೆ ಇಡಬೇಕೆಂದಿರುವ ವಿಷಯ ಕಾಫಿ. ಕಾಫಿಯನ್ನು ಕುಡಿಯಬಹುದೆ, ಕೂಡದೆ ಎಂಬ ಹಳೆಯ ವಾದವನ್ನು ನಾವು ಎತ್ತುವುದಿಲ್ಲ. ಮೈಸೂರಿನಲ್ಲಿ ಅದು ಎಂದೋ ತೀರ್ಮಾನವಾಗಿ ಹೋಗಿದೆ. ನಾವು ಹೇಳಹೊರಟಿರುವುದು ಇಷ್ಟು: ಕೇಳರಿಯದ ತಳಿಯ ಕಾಫಿಬೀಜವೊಂದು ಮನೆಗೆ ಬಂದಾಗ ಅದಕ್ಕೆ ಅನ್ಯಾಯವಾಗದಂತೆ ಅದರ ಗುಣವನ್ನು ಪರೀಕ್ಷಿಸುವುದು ಹೇಗೆ? ಪರೀಕ್ಷಿಸುವುದರಿಂದ ಮನೆಯವರಿಗೆ ಆಗುವ ಲಾಭವೇನು?

ಇಂಗ್ಲೆಂಡಿನಲ್ಲಿ ಇದಕ್ಕೆ ಸಮಾನವಾದ ಒಂದು ಪದ್ಧತಿಯುಂಟು. ಆ ದೇಶದ ಎಷ್ಟೋ ಸಂಸಾರಗಳಲ್ಲಿ ಯವೆಯಿಂದ ಬೀರನ್ನು ಮನೆಯಲ್ಲಿಯೇ ಇಳಿಸಿಕೊಳ್ಳುತ್ತಾರೆ. 1963ರಿಂದ ಅದಕ್ಕೆ ಪರವಾನಗಿಯೂ ಬೇಕಾಗಿಲ್ಲ. ಆ ಪಾನೀಯ ನಮ್ಮ ಮನೆಗಳ ವಿಷಯವಲ್ಲವಾದರೂ ಅವರ ಪರೀಕ್ಷಾಕ್ರಮ ನಮ್ಮ ಗಮನಕ್ಕೆ ತಕ್ಕುದು. ಬೀರಿಗೆ ಕಹಿಯನ್ನೂ ಪರಿಮಳವನ್ನೂ ಕೊಡುವುದು ಹಾಪ್ ಎಂಬ ಬಳ್ಳಿಯ ಹೂ. ಹೊಸ ತಳಿಯ ಹೂ ಕೈಗೆ ಬಂದರೆ ಅವರು ಅದನ್ನು ಹಳೆಯ ಹೂಗಳ ಜೊತೆಗೆ ಕಲಸುವುದಿಲ್ಲ. ಸಾದಾ ಯವೆಯ ರಸದಲ್ಲಿ ಅದೊಂದನ್ನೇ ಹಾಕಿ ಇಳಿಸಿ, ನಾಲ್ಕು ಮಂದಿ ಸ್ನೇಹಿತರು ಕುಳಿತು ರುಚಿನೋಡಿ, ಅದರ ಗುಣದೋಷಗಳನ್ನು ಬರೆದುಕೊಳ್ಳುತ್ತಾರೆ. ಒಬ್ಬನ ಗುಣವನ್ನು ತಿಳಿಯಬೇಕಾದರೆ ಅವನನ್ನು ಗುಂಪಿನಿಂದ ಹೊರಕ್ಕೆ ಕರೆದು ಮಾತನಾಡಿಸಬೇಕಷ್ಟೆ.

ಆ ದೇಶದ ಕೆಂಟ್ ಪ್ರಾಂತ ಹಾಪ್ ತೋಟಗಳಿಗೆ ಹೆಸರಾದದ್ದು. ಅಲ್ಲಿನ ವೈ ಕಾಲೇಜಿನ ಸಾಲ್ಮನ್ ಎಂಬ ಪಂಡಿತ ಕೆನಡಾದ ಮ್ಯಾನಿಟೋಬಾದಿಂದ ತರಿಸಿದ ಕಾಡುಹಾಪಿನ ಬೀಜದಿಂದ ಹೊಸ ತಳಿಯೊಂದನ್ನು ಎಬ್ಬಿಸಿದ. 1934ರಲ್ಲಿ ಅದು ‘ಬ್ರೂವರ್ಸ್ ಗೋಲ್ಡ್’ ಎಂಬ ಹೆಸರಿನಲ್ಲಿ ಹೊರಬಂದಾಗ ಆ ದೇಶದ ಬೀರು ತಯಾರಕರು ಮೂಗು ಮುರಿದರು. ಅದರಲ್ಲಿ ಅಮೆರಿಕದ ವಾಸನೆಯಿದೆ ಎಂಬುದೇ ಅವರ ಆಕ್ಷೇಪ. ಇಂದು ಲೋಕದಲ್ಲಿ ಬೆಳೆಯುವ ಅನೇಕ ಹಾಪ್ ತಳಿಗಳ ವಂಶಾವಳಿಯನ್ನು ಹಿಂದಕ್ಕೆ ಹಿಡಿದುಕೊಂಡು ಹೋದರೆ ಅದೇ ಬಳ್ಳಿ ಸಿಕ್ಕುತ್ತದೆ. ಹೊರಗಿನವನೆಂದು ಬಾಗಿಲಲ್ಲಿ ನಿಲ್ಲಿಸಿದವನೇ ಕುಲಕ್ಕೆ ಮೂಲಪುರುಷನಾದ.

ನಮ್ಮ ಕಾಫಿಯ ವೃತ್ತಾಂತದಲ್ಲಿಯೂ ಒಬ್ಬ ಕೆಂಟ್ ಉಂಟು. ಅದು ಊರಿನ ಹೆಸರಲ್ಲ, ಮನುಷ್ಯನ ಹೆಸರು. ಬಾಬಾಬುಡನ್ ಗಿರಿಗೆ ಹದಿನೇಳನೆಯ ಶತಮಾನದಲ್ಲಿ ಏಳು ಬೀಜಗಳು ಬಂದುವೆಂಬ ಕಥೆಯನ್ನು ವಾಚಕರೆಲ್ಲರೂ ಬಲ್ಲರು. ಬ್ರಿಟಿಷರ ಕಾಲದಲ್ಲಿ ತೋಟಗಳು ವಿಸ್ತಾರವಾದಾಗ ಮೈಸೂರು ಸೀಮೆಯಲ್ಲಿ ಬೆಳೆಯುತ್ತಿದ್ದ ಹಳೆಯ ತಳಿಗೆ ‘ಚಿಕ್ಸ್’ ಎಂದು ಹೆಸರು. ಕಾಂಡಕೊರಕ ಹುಳುವೂ ಎಲೆತುಕ್ಕು ರೋಗವೂ ಅದನ್ನು ತಿಂದುಹಾಕಿದುವು. ಎಲೆತುಕ್ಕೆಂದರೆ ಸಾಮಾನ್ಯವಲ್ಲ. ಎಲೆಯ ಅಡಿಯಲ್ಲಿ ಕಿತ್ತಳೆಬಣ್ಣದ ಹುಡಿಯಂತೆ ಕಾಣಿಸಿಕೊಂಡು, ಎಲೆಗಳನ್ನು ಉದುರಿಸಿ, ಗಿಡವನ್ನು ಬರಿದುಮಾಡುತ್ತದೆ. 1869ರಲ್ಲಿ ಸಿಂಹಳದಲ್ಲಿ ಕಾಣಿಸಿಕೊಂಡ ಮೇಲೆ ಅಲ್ಲಿನ ಕಾಫಿಯ ಸಾಮ್ರಾಜ್ಯವೇ ಮುಗಿದು, ಆ ದ್ವೀಪ ಚಹದ ನಾಡಾಯಿತು. ಹೀಗಿರಲು 1911ರ ಸುಮಾರಿನಲ್ಲಿ ಮೈಸೂರು ಸಂಸ್ಥಾನದ ದೊಡ್ಡನಗುಡ್ಡ ಎಂಬ ತೋಟದ ಕೆಂಟ್ ಎಂಬ ಆಂಗ್ಲ ಬೆಳೆಗಾರ, ಸುತ್ತಲಿನ ಗಿಡಗಳು ಸೊರಗುತ್ತಿದ್ದರೂ ಬಗ್ಗದೆ ನಿಂತ ಗಿಡವನ್ನು ಗುರುತಿಸಿ ಅದರ ಬೀಜವನ್ನು ಬೇರೆಯಾಗಿ ಬೆಳೆಸಿದ. ಆ ತಳಿ ಅವನ ಹೆಸರಿನಿಂದಲೇ ‘ಕೆಂಟ್ಸ್’ ಎನಿಸಿ ಸಂಸ್ಥಾನದ ಮತ್ತು ಕೊಡಗಿನ ತೋಟಗಳಲ್ಲಿ ಹಬ್ಬಿತು. ಸಮುದ್ರ ದಾಟಿ ಪೂರ್ವ ಆಫ್ರಿಕಕ್ಕೂ ಹೋಯಿತು.

ರೋಗವೂ ಸುಮ್ಮನಿರಲಿಲ್ಲ. ಕೆಲವು ವರ್ಷಗಳಲ್ಲಿಯೇ ಕೆಂಟ್ಸ್ ಗಿಡಕ್ಕೂ ತುಕ್ಕು ಹತ್ತಿತು. ಮೈಸೂರು ಸರ್ಕಾರ 1925ರಲ್ಲಿ ಬಾಳೆಹೊನ್ನೂರಿನ ಬಳಿ ಸ್ಥಾಪಿಸಿದ ಕಾಫಿ ಪ್ರಯೋಗಕೇಂದ್ರದಲ್ಲಿ ಕೆಲಸಮಾಡುತ್ತಿದ್ದ ಮೇಯ್ನ್ ಎಂಬ ವಿಜ್ಞಾನಿ, ತುಕ್ಕಿನಲ್ಲಿಯೇ ಬೇರೆ ಬೇರೆ ಪಂಗಡಗಳುಂಟು, ಒಂದನ್ನು ತಡೆದ ಗಿಡ ಇನ್ನೊಂದಕ್ಕೆ ಸೋಲಬಹುದು ಎಂಬುದನ್ನು 1932ರಲ್ಲಿ ತೋರಿಸಿಕೊಟ್ಟ. ಆ ಕೇಂದ್ರದವರು ಆಮೇಲೆ ಕೆಂಟ್ಸ್ ತಳಿಯನ್ನು ಎಸ್. 288 ಎಂಬ ಮತ್ತೊಂದರೊಡನೆ ಕೂಡಿಸಿದರು. ಎಸ್. 288ಕ್ಕೆ ರೋಗವನ್ನು ತಡೆಯುವ ಶಕ್ತಿಯಿತ್ತು, ಬೀಜದಲ್ಲಿ ದೋಷವಿತ್ತು. ಕೆಂಟ್ಸ್‌ಗೆ ಒಳ್ಳೆಯ ಬೀಜವಿತ್ತು, ಶಕ್ತಿ ಕುಂದಿತ್ತು. ಈ ದಾಂಪತ್ಯದ ಸಂತಾನವೇ 1940ರ ದಶಕದ ನಡುವೆ ಬೆಳೆಗಾರರ ಕೈಸೇರಿದ ಎಸ್. 795. ಬಹುಕಾಲ ನಮ್ಮ ದೇಶದ ಅರೇಬಿಕಾ ತೋಟಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಬೆಳೆದದ್ದು ಇದೇ. ಈ ಅಂಶವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಕಳೆದ ವೈಶಾಖದಲ್ಲಿ ಚಿಕ್ಕಮಗಳೂರಿನ ಕಡೆಯ ನಮ್ಮ ಹಳೆಯ ಶಿಷ್ಯರೊಬ್ಬರು ಎರಡು ಸಣ್ಣ ಚೀಲಗಳನ್ನು ಕಳುಹಿಸಿಕೊಟ್ಟರು. ಅವರ ತೋಟದ ಒಂದು ಮೂಲೆಯಲ್ಲಿ ಹಿರಿಯರು ಉಳಿಸಿಕೊಂಡು ಬಂದ ಕೆಂಟ್ಸ್ ಗಿಡಗಳು ಕೆಲವಿವೆ. ಒಂದು ಚೀಲದಲ್ಲಿ ಆ ಬೀಜ, ಇನ್ನೊಂದರಲ್ಲಿ ಅದೇ ತೋಟದ ಎಸ್. 795. ಎರಡೂ ಒಂದೇ ಸುಗ್ಗಿಯವು, ಒಂದೇ ರೀತಿಯಲ್ಲಿ ಸಿಪ್ಪೆ ತೆಗೆದು ತೊಳೆದು ಒಣಗಿಸಿದವು. ಜೊತೆಗಿದ್ದ ಕಾಗದದಲ್ಲಿ ಬರೆದಿದ್ದರು: “ಮೇಷ್ಟ್ರೇ, ಕೆಂಟ್ಸ್ ಗಿಡಗಳಿಗೆ ಔಷಧ ಹೊಡೆದು ಸಾಕಾಗಿದೆ. ಇಳುವರಿಯೂ ಕಡಮೆ. ಮಗ ಕಿತ್ತುಹಾಕೋಣ ಎನ್ನುತ್ತಾನೆ. ಕೀಳುವುದಕ್ಕೆ ಮುಂಚೆ, ಇದರಲ್ಲಿ ಉಳಿಸಿಕೊಳ್ಳುವಂಥದು ಏನಾದರೂ ಉಂಟೆ ಎಂದು ಕಾಫಿ ಕುಡಿಯುವವರನ್ನೇ ಕೇಳೋಣ ಅನ್ನಿಸಿತು.” ಪ್ರಶ್ನೆ ನ್ಯಾಯವಾದದ್ದು. ಕೃಷ್ಣಮೂರ್ತಿಪುರದ ನಮ್ಮ ಮನೆಯಲ್ಲಿ ಒಂದು ಭಾನುವಾರ ಏಳು ಮಂದಿ ಕಲೆತೆವು. ನಾವು, ನಮ್ಮ ಮನೆಯವರು, ರೈಲ್ವೆಯಿಂದ ನಿವೃತ್ತರಾದ ಮಿತ್ರರೊಬ್ಬರು, ಅವರ ಮೊಮ್ಮಗನಾದ ಕಾಲೇಜು ವಿದ್ಯಾರ್ಥಿ, ಎದುರುಮನೆಯ ಯಜಮಾನರು, ಎಂಬತ್ತು ದಾಟಿದ ಅವರ ತಾಯಿ, ಮತ್ತು ಮೂಡಿಗೆರೆಯ ಕಡೆಯಿಂದ ಆ ಮನೆಗೆ ಹೊಸದಾಗಿ ಬಂದಿರುವ ಸೊಸೆ.

ಪರೀಕ್ಷೆಯ ಕ್ರಮವನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇವೆ. ಗೃಹಿಣಿಯರು ಇದನ್ನು ತಮ್ಮ ಮನೆಯಲ್ಲಿ ಮಾಡಿನೋಡಬಹುದು. ಇದಕ್ಕೆ ಬೇಕಾದದ್ದೆಲ್ಲವೂ ಅಡಿಗೆಮನೆಯಲ್ಲಿಯೇ ಉಂಟು.

ಮೊದಲನೆಯದಾಗಿ, ಎರಡು ಬೀಜಗಳನ್ನೂ ಸಮವಾಗಿ ಹುರಿಯಬೇಕು. ನಮ್ಮ ತಾಯಂದಿರು ವಾರಕ್ಕೊಮ್ಮೆ ಕಬ್ಬಿಣದ ಬಾಣಲೆಯಲ್ಲಿ ಹುರಿದು ಕೈಮಿಷನ್ನಿನಲ್ಲಿ ಬೀಸುತ್ತಿದ್ದರಲ್ಲ, ಅದೇ ವಿಧಾನ ಸಾಕು. ಬೀಜಗಳು ಒಮ್ಮೆ ಚಟಪಟನೆ ಸಿಡಿದು, ಬಣ್ಣ ದಾಲ್ಚಿನ್ನಿಯನ್ನು ದಾಟಿ ಹುಣಿಸೆಬೀಜದ ಕಡೆಗೆ ತಿರುಗುವಾಗ ಇಳಿಸಬೇಕು. ಕಪ್ಪಾಗುವವರೆಗೆ ಹುರಿದರೆ ಎಲ್ಲ ಬೀಜಗಳೂ ಒಂದೇ ಮಾತನ್ನಾಡುತ್ತವೆ. ಅದು ಇದ್ದಿಲಿನ ಮಾತು. ಒಂದು ದಿನ ಆರಲು ಬಿಟ್ಟು, ಪರೀಕ್ಷೆಗೆ ಸ್ವಲ್ಪ ಮುಂಚೆ ಒಂದೇ ಹದಕ್ಕೆ ಪುಡಿಮಾಡಬೇಕು.

ಎರಡನೆಯದಾಗಿ, ಫಿಲ್ಟರನ್ನು ಅಂದಿಗೆ ಬಿಟ್ಟುಬಿಡಬೇಕು. ಈ ವೃತ್ತಿಯವರು 150 ಮಿಲಿಲೀಟರ್ ನೀರಿಗೆ 8 ಗ್ರಾಂಗೆ ತುಸು ಮೇಲ್ಪಟ್ಟು ಪುಡಿಯನ್ನು ಬಟ್ಟಲಿಗೇ ಹಾಕಿ, ಕುದಿ ಇಳಿದ ನೀರನ್ನು ಅದರ ಮೇಲೆ ಹೊಯ್ಯುತ್ತಾರೆ. ನಾಲ್ಕು ನಿಮಿಷದ ಮೇಲೆ, ತೇಲಿ ಕಟ್ಟಿದ ಪುಡಿಯ ಕೆನೆಯನ್ನು ಚಮಚದಿಂದ ಸರಿಸಿ, ಆಗ ಏಳುವ ಹಬೆಗೆ ಮೂಗನ್ನೊಡ್ಡುತ್ತಾರೆ. ಆಮೇಲೆ ಚಮಚದಲ್ಲಿ ತೆಗೆದು ಸುರ್ರೆಂದು ಸದ್ದಾಗುವಂತೆ ಹೀರುತ್ತಾರೆ. ಊಟಕ್ಕೆ ಕುಳಿತಾಗ ಈ ಸದ್ದು ಅಸಭ್ಯ. ಪರೀಕ್ಷೆಯಲ್ಲಿ ಇದೇ ಶಾಸ್ತ್ರ. ಹಾಗೆ ಹೀರಿದರೆ ರಸ ನಾಲಗೆಯ ಮೇಲೆಲ್ಲ ಹರಡಿ, ಪರಿಮಳ ಗಂಟಲಿನ ಹಿಂದಿನಿಂದ ಮೂಗಿಗೇರುತ್ತದೆ. ಬಿಸಿಯಾಗಿರುವಾಗ ಒಮ್ಮೆ, ಉಗುರುಬೆಚ್ಚಗಾದಾಗ ಒಮ್ಮೆ, ಆರಿದಾಗ ಒಮ್ಮೆ ನೋಡಬೇಕು. ದೋಷಗಳು ಬಿಸಿಯಲ್ಲಿ ಅಡಗಿದ್ದು ಆರಿದ ಮೇಲೆ ಹೊರಬರುತ್ತವೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಯಾವ ಬಟ್ಟಲಿನಲ್ಲಿ ಯಾವುದಿದೆಯೆಂಬುದು ಕುಡಿಯುವವರಿಗೆ ತಿಳಿಯಕೂಡದು. ತಲೆಗೆ ಮೂರು ಬಟ್ಟಲು. ಎರಡರಲ್ಲಿ ಒಂದೇ ಕಾಫಿ, ಮೂರನೆಯದರಲ್ಲಿ ಬೇರೆ. ಗುರುತಿಗಾಗಿ ಬಟ್ಟಲುಗಳ ಅಡಿಯಲ್ಲಿ ಕುಂಕುಮದ ಬೊಟ್ಟುಗಳನ್ನಿಟ್ಟದ್ದಾಯಿತು. ಮೊದಲು ಕೇಳಬೇಕಾದ ಪ್ರಶ್ನೆ ‘ಯಾವುದು ಚೆನ್ನ’ ಎಂದಲ್ಲ, ‘ಯಾವುದು ಬೇರೆ’ ಎಂದು. ಭೇದವೇ ತಿಳಿಯದವನಿಗೆ ತಾರತಮ್ಯ ಹೇಳುವ ಅಧಿಕಾರವೆಲ್ಲಿಯದು? ಆಹಾರ ವಿಜ್ಞಾನಿಗಳು ಇದನ್ನು ತ್ರಿಕೋನ ಪರೀಕ್ಷೆ ಎನ್ನುತ್ತಾರೆ. ನಮ್ಮ ಊರಿನ ಚೆಲುವಾಂಬ ಮಹಲಿನಲ್ಲಿ 1950ರಿಂದ ನಡೆಯುತ್ತಿರುವ ಆಹಾರ ಸಂಶೋಧನಾಲಯದಂಥ ಸಂಸ್ಥೆಗಳಿಗೆ ಇದು ನಿತ್ಯದ ಪರಿಪಾಠ. ಇಂಥ ಪರೀಕ್ಷೆಗಳಲ್ಲಿ ರುಚಿನೋಡುವವರನ್ನು ಬೇರೆ ಬೇರೆ ಗೂಡುಗಳಲ್ಲಿ ಕುಳ್ಳಿರಿಸುವುದುಂಟು. ಒಬ್ಬರ ಮುಖವನ್ನು ನೋಡಿ ಇನ್ನೊಬ್ಬರು ಅಭಿಪ್ರಾಯ ಕಟ್ಟಿಕೊಳ್ಳಬಾರದೆಂದು.

ಮನೆಯಲ್ಲಿ ಗೂಡುಗಳಿಲ್ಲ, ಅದಕ್ಕೆ ಬದಲಾಗಿ ಚೀಟಿ ಉಂಟು. ಎಲ್ಲರೂ ಮೌನವಾಗಿ ಬರೆದು, ಬರೆದಾದ ಮೇಲೆ ಓದತಕ್ಕದ್ದು. ಓದುವಾಗ ಅತಿ ಕಿರಿಯರ ಚೀಟಿ ಮೊದಲು, ಅತಿ ಹಿರಿಯರದು ಕೊನೆಗೆ ಎಂದು ನಿಯಮ ಮಾಡಿದೆವು. ಎದುರುಮನೆಯ ಯಜಮಾನರಿಗೆ ಇದು ವಿಚಿತ್ರವಾಗಿ ಕಂಡಿತು. ಹಿರಿಯರು ಮೊದಲು ಮಾತನಾಡುವುದು ನಮ್ಮ ಮರ್ಯಾದೆ ನಿಜ. ಆದರೆ ಹಿರಿಯರು “ಪರವಾಗಿಲ್ಲ” ಎಂದಮೇಲೆ “ಚೆನ್ನಾಗಿಲ್ಲ” ಎನ್ನುವ ಸೊಸೆ ಯಾವ ಮನೆಯಲ್ಲಿದ್ದಾಳೆ? ಆಗ ಏಳು ನಾಲಗೆಗಳಿದ್ದರೂ ಪರೀಕ್ಷೆ ನಡೆಯುವುದು ಒಂದೇ ನಾಲಗೆಯಿಂದ.

ಇನ್ನು ಬರೆಯುವುದಕ್ಕೆ ಮಾತು ಬೇಕಲ್ಲ. ವೈದ್ಯರೂ ತಾರ್ಕಿಕರೂ ರಸಗಳನ್ನು ಆರೆಂದು ಎಣಿಸಿದ್ದಾರೆ: ಮಧುರ, ಆಮ್ಲ, ಲವಣ, ಕಟು, ತಿಕ್ತ, ಕಷಾಯ. ಕನ್ನಡದಲ್ಲಿ ಕ್ರಮವಾಗಿ ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು. ಕಟು ಎಂದರೆ ಕಹಿಯೆಂದು ತಿಳಿಯುವವರುಂಟು. ಅದು ಮೆಣಸಿನ ಖಾರ. ಬೇವಿನ ಕಹಿಗೆ ತಿಕ್ತವೆಂದು ಹೆಸರು. ಹಾಲಿಲ್ಲದ ಕಾಫಿಯಲ್ಲಿ ಎದ್ದು ಕಾಣುವುವು ಕಹಿ, ಹುಳಿ, ಒಗರು ಮೂರು. ಒಳ್ಳೆಯ ಬೀಜವಾದರೆ ಹಿಂದಿನಿಂದ ಒಂದು ಸಿಹಿಯ ನೆರಳು. ರಸದ ವಿಷಯದಲ್ಲಿ ಇಷ್ಟು ಎಚ್ಚರದಿಂದಿದ್ದ ನಮ್ಮ ತಾರ್ಕಿಕರು ಗಂಧದ ವಿಷಯದಲ್ಲಿ ಬಹಳ ಮಿತಭಾಷಿಗಳು. ಅನ್ನಂಭಟ್ಟನ ತರ್ಕಸಂಗ್ರಹ ಗಂಧವನ್ನು ಸುರಭಿ, ಅಸುರಭಿ ಎಂದು ಎರಡಾಗಿ ವಿಂಗಡಿಸಿ ಮುಂದಕ್ಕೆ ಹೋಗಿಬಿಡುತ್ತದೆ. ಹುರಿದ ಕಾಫಿಯಲ್ಲಿಯೋ ಆವಿಯಾಗಿ ಮೂಗಿಗೆ ತಟ್ಟುವ ದ್ರವ್ಯಗಳು 800ಕ್ಕೂ ಹೆಚ್ಚೆಂದು ರಸಾಯನಶಾಸ್ತ್ರಜ್ಞರು ಗುರುತಿಸಿದ್ದಾರೆ. ಕಾಫಿಯ ರುಚಿಯೆಂದು ನಾವು ಕರೆಯುವುದರಲ್ಲಿ ಹೆಚ್ಚಿನ ಪಾಲು ಮೂಗಿನದು. ಸಂದೇಹವಿದ್ದವರು ಮೂಗನ್ನು ಹಿಡಿದುಕೊಂಡು ಒಂದು ಗುಟುಕು ಕುಡಿಯಲಿ. ಬರಿಯ ಕಹಿಯೂ ಹುಳಿಯೂ ಸಿಕ್ಕುತ್ತವೆ. ಕೈಬಿಟ್ಟೊಡನೆ ‘ಕಾಫಿ’ ಬರುತ್ತದೆ. ಮಕ್ಕಳಿಗೆ ಈ ಪ್ರಯೋಗ ಬಹಳ ಹಿಡಿಸುತ್ತದೆ. ಅವರಿಗೆ ಕಾಫಿಯ ಬದಲು ಏಲಕ್ಕಿ ಹಾಕಿದ ಹಾಲನ್ನು ಕೊಟ್ಟು ಮಾಡಿಸಬಹುದು.

ಗಂಧಕ್ಕೆ ಶಾಸ್ತ್ರದಲ್ಲಿ ಮಾತಿಲ್ಲದಿದ್ದರೆ ಅಡಿಗೆಮನೆಯಲ್ಲಿ ಉಂಟು. ಹುರಿಗಡಲೆ, ಹುರಿದ ಕೊತ್ತಂಬರಿ, ಬೆಲ್ಲದ ಪಾಕ, ಕಿತ್ತಳೆಯ ಸಿಪ್ಪೆ, ಒದ್ದೆ ಮಣ್ಣು, ಹಳೆಯ ಗೋಣಿ, ಹೊಗೆ. ‘ಚೆನ್ನಾಗಿದೆ’, ‘ಒಂದು ಥರಾ ಇದೆ’ ಎಂಬ ಮಾತುಗಳನ್ನು ಮಾತ್ರ ಅಂದು ನಿಷೇಧಿಸಿದ್ದೆವು.

ಫಲವನ್ನು ಕೇಳಿರಿ. ಬೇರೆಯಾದ ಬಟ್ಟಲನ್ನು ಸರಿಯಾಗಿ ಕಂಡುಹಿಡಿದವರು ಏಳರಲ್ಲಿ ನಾಲ್ವರು. ಕಣ್ಣುಮುಚ್ಚಿ ತೋರಿಸಿದರೂ ಮೂವರಲ್ಲಿ ಒಬ್ಬರದು ಸರಿಯಾಗುವುದರಿಂದ ಇದನ್ನು ದೊಡ್ಡ ವಿಜಯವೆನ್ನುವಂತಿಲ್ಲ. ಅಂದರೆ ಕೆಂಟ್ಸ್‌ಗೂ ಎಸ್. 795ಕ್ಕೂ ಇರುವ ಅಂತರ ಸೂಕ್ಷ್ಮವಾದದ್ದು. ತಾಯಿಗೂ ಮಗಳಿಗೂ ಧ್ವನಿ ಒಂದೇ ಆಗಿದ್ದರೆ ಆಶ್ಚರ್ಯವೇನು? ಆ ನಾಲ್ವರ ಚೀಟಿಗಳಲ್ಲಿ ಇದ್ದದ್ದು ಹೆಚ್ಚುಕಡಮೆ ಒಂದೇ ಮಾತು: ಕೆಂಟ್ಸ್ ಮೃದು, ಹುಳಿ ತಿಳಿಯಾದದ್ದು, ಕಿತ್ತಳೆಯ ಸಿಪ್ಪೆಯ ನೆನಪು ಬರುತ್ತದೆ, ಎಸ್. 795 ತುಂಬಿದ ಬಾಯಿಯದು, ಪಾಕಕ್ಕಿಟ್ಟ ಬೆಲ್ಲದ ವಾಸನೆಯದು. ಮೊದಲು ಓದಿದ್ದು ವಿದ್ಯಾರ್ಥಿಯ ಚೀಟಿ. ಅವನ ಊಹೆ ತಪ್ಪಿತ್ತು. ಎರಡನೆಯದು ಸೊಸೆಯದು, ಸರಿಯಾಗಿತ್ತು. ಆಕೆ ಒಂದು ಮಾತನ್ನು ಹೆಚ್ಚಾಗಿ ಬರೆದಿದ್ದರು: “ಆರಿದ ಮೇಲೆಯೂ ಕುಡಿಯಬಹುದು.” ವೃತ್ತಿಯ ಪರೀಕ್ಷಕರು ಬಹಳ ಬೆಲೆಕೊಡುವ ಲಕ್ಷಣವಿದು.

ಎರಡನೆಯ ಸುತ್ತಿನಲ್ಲಿ, ಯಾರಿಗೂ ಹೇಳದೆ, ಎದುರುಮನೆಯವರು ನಿತ್ಯ ಬಳಸುವ ಅಂಗಡಿಯ ಪುಡಿಯನ್ನೇ ಅದೇ ರೀತಿ ಹಾಲಿಲ್ಲದೆ ಇಟ್ಟೆವು. ಬಣ್ಣ ಕಾಣದಂತೆ ಕಣ್ಣಿಗೆ ಬಟ್ಟೆ ಕಟ್ಟಿದ್ದಾಯಿತು. ಅಜ್ಜಿ ಒಂದು ಚಮಚ ಬಾಯಿಗೆ ಹಾಕಿಕೊಂಡು, “ಇದೇನಪ್ಪ, ಯಾವುದೋ ಬೇರು ಕಾಸಿದ ಹಾಗಿದೆ! ಕಾಫಿ ಅಂತ ಕೊಟ್ಟು ಕಷಾಯ ಕುಡಿಸ್ತೀರಾ?” ಎಂದರು. ಆಕೆ ನಲವತ್ತು ವರ್ಷದಿಂದ ಬೆಳಗಾದರೆ ಕುಡಿಯುತ್ತಿರುವುದು ಅದನ್ನೇ. ಬಟ್ಟೆ ಬಿಚ್ಚಿ ವಿಷಯ ಹೇಳಿದಾಗ ಎಲ್ಲರಿಗಿಂತ ಹೆಚ್ಚಾಗಿ ನಕ್ಕವರು ಅವರೇ. ಅಜ್ಜಿಯ ನಾಲಗೆ ಸುಳ್ಳು ಹೇಳಿರಲಿಲ್ಲ. ಚಿಕೋರಿಯೆಂಬುದು ನಿಜವಾಗಿಯೂ ಬೇರೇ. ಆ ಗಿಡದ ಬೇರನ್ನು ಒಣಗಿಸಿ ಹುರಿದು ಪುಡಿಮಾಡುತ್ತಾರೆ. ಅದರಲ್ಲಿ ಕಾಫಿಯ ಸತ್ತ್ವವಾದ ಕೆಫೀನು ಇಲ್ಲ. ಬಣ್ಣ, ಕಹಿ, ಗಟ್ಟಿತನ ಇವೆ. ಕಾಫಿ ಮತ್ತು ಚಿಕೋರಿಯ ಮಿಶ್ರಣವೆಂದು ಮಾರುವ ಪುಡಿಯಲ್ಲಿ ಕಾಫಿ ನೂರಕ್ಕೆ 51 ಭಾಗಕ್ಕೆ ಕಡಮೆಯಾಗಬಾರದೆಂದು ನಮ್ಮ ದೇಶದ ಆಹಾರ ನಿಯಮ ವಿಧಿಸುತ್ತದೆ. ಎಂದರೆ ನೂರಕ್ಕೆ 49 ಭಾಗ ಬೇರಿದ್ದರೂ ಅದು ನಿಯಮಕ್ಕೆ ವಿರುದ್ಧವಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಅಂಗಡಿಯ ಪುಡಿಗೆ ಅನ್ಯಾಯವಾಗುತ್ತಿತ್ತು. ಮೂರನೆಯ ಸುತ್ತಿನಲ್ಲಿ ಮೂರನ್ನೂ ಫಿಲ್ಟರಿನಲ್ಲಿ ಇಳಿಸಿ, ಸಮಸಮವಾಗಿ ಬಿಸಿಹಾಲನ್ನೂ ಸಕ್ಕರೆಯನ್ನೂ ಬೆರೆಸಿ ಲೋಟಗಳಲ್ಲಿ ಕೊಟ್ಟೆವು. ತೀರ್ಪು ತಲೆಕೆಳಗಾಯಿತು. ಏಳರಲ್ಲಿ ಐವರು ಅಂಗಡಿಯ ಪುಡಿಯನ್ನೇ ಮೇಲೆಂದರು. ಕೆಂಟ್ಸ್ ಹಾಲಿನಲ್ಲಿ ಮುಳುಗಿಹೋಯಿತು. “ಬಣ್ಣದ ಹಾಲು” ಎಂದು ರೈಲ್ವೆಯ ಮಿತ್ರರು ಬರೆದರು.

ನಮ್ಮ ಆಲಂಕಾರಿಕರು ಪಾನಕರಸನ್ಯಾಯವೆಂಬುದನ್ನು ಹೇಳುತ್ತಾರೆ. ರಾಮನವಮಿಯ ಪಾನಕದಲ್ಲಿ ಬೆಲ್ಲ, ನಿಂಬೆ, ಮೆಣಸು, ಏಲಕ್ಕಿ ಕೂಡಿ, ಅವುಗಳಲ್ಲಿ ಯಾವೊಂದರಲ್ಲಿಯೂ ಇಲ್ಲದ ಹೊಸ ರುಚಿಯಾಗಿ ಪರಿಣಮಿಸುವಂತೆ ಕಾವ್ಯದಲ್ಲಿ ಹಲವು ಅಂಶಗಳು ಕೂಡಿ ಒಂದು ರಸವಾಗುತ್ತದೆಂದು ಅದರ ಭಾವ. ನಮ್ಮ ಮನೆಗಳ ಕಾಫಿಯೂ ಒಂದು ಪಾನಕ. ಹಾಲು ಒಗರನ್ನು ಹೀರಿ ಹುಳಿಯನ್ನು ಮುಚ್ಚುತ್ತದೆ. ಆ ಹಾಲನ್ನು ಎದುರಿಸಿ ನಿಲ್ಲುವುದಕ್ಕೆ ಕಪ್ಪಾಗಿ ಹುರಿದ ಬೀಜವೂ ರೋಬಸ್ಟಾದ ಬಲವೂ ಸ್ವಲ್ಪ ಚಿಕೋರಿಯೂ ನೆರವಾಗುತ್ತವೆ. ಆದಕಾರಣ ಎರಡು ತೀರ್ಪುಗಳು ಬೇಕು. ಒಂಟಿಯಾಗಿ ನಿಂತಾಗ ಇದರ ಗುಣವೇನು? ನಾಲ್ವರ ನಡುವೆ ನಿಂತಾಗ ಇದರ ನಡತೆಯೇನು? ಒಂದಕ್ಕೆ ಸಿಕ್ಕಿದ ಉತ್ತರವನ್ನು ಇನ್ನೊಂದಕ್ಕೆ ಹಚ್ಚಬಾರದು. ಮನುಷ್ಯರ ವಿಷಯದಲ್ಲಿಯೂ ಮದುವೆಯ ಮಾತುಕತೆಗಳಲ್ಲಿ ಈ ಎರಡು ಪ್ರಶ್ನೆಗಳು ಬೆರೆತುಹೋಗಿ ಆಗುವ ಅನರ್ಥಗಳನ್ನು ವಾಚಕರು ಕಂಡಿದ್ದಾರೆ.

ಆಗ ಆ ಸೊಸೆ ತಮ್ಮ ಅತ್ತೆಯ ಸ್ಥಾನದಲ್ಲಿದ್ದ ಅಜ್ಜಿಯನ್ನು ಕುರಿತು, “ಅಜ್ಜಿ, ಇದಕ್ಕೆ ಹಾಲು ಬೇಡ. ನಮ್ಮ ಊರಲ್ಲಿ ಮಾಡುವ ಹಾಗೆ ಒಂದು ಸಲ ಮಾಡಿ ಕೊಡಲಾ? ನೀವು ಬೇಡ ಅಂದರೆ ಬೇಡ” ಎಂದರು. ಮಲೆನಾಡಿನಲ್ಲಿಯೂ ಕೊಡಗಿನಲ್ಲಿಯೂ ಹಾಲಿಲ್ಲದೆ ಬೆಲ್ಲ ಹಾಕಿ ಕಾಸುವ ಕಾಫಿ ಉಂಟಷ್ಟೆ. ಈ ಮನೆಗೆ ಬಂದ ಹೊಸತರಲ್ಲಿ ಆಕೆ ಅದನ್ನು ಮಾಡಿಕೊಂಡಾಗ ನಗೆಯಾಡಿದ್ದರಂತೆ. ಆಮೇಲೆ ಆಕೆ ಮಾಡಲಿಲ್ಲ. ಅಂದು ನೀರಿಗೆ ಎಳೆಯ ಬೆಲ್ಲವನ್ನು ಹಾಕಿ ಕುದಿಸಿ, ಇಳಿಸಿ, ಕೆಂಟ್ಸ್ ಪುಡಿಯನ್ನು ಹಾಕಿ ಮುಚ್ಚಿಟ್ಟು, ತಿಳಿಯಾದ ಮೇಲೆ ಬಗ್ಗಿಸಿಕೊಟ್ಟರು. ಬೆಲ್ಲ ಹುಳಿಯನ್ನು ಹಿಡಿದೆತ್ತಿತು; ಹಾಲಿನಲ್ಲಿ ಮುಳುಗಿದ್ದ ಕಿತ್ತಳೆಯ ಪರಿಮಳ ಮೇಲೆ ಬಂದಿತು. ಅಜ್ಜಿ ಲೋಟವನ್ನು ಬರಿದುಮಾಡಿ, “ಸಾಯಂಕಾಲಕ್ಕೆ ಇದೇ ಇರಲಿ ಕಣೇ. ಬೆಳಿಗ್ಗೆ ಮಾತ್ರ ನಂದು ನಂಗೆ” ಎಂದು ತೀರ್ಪು ಕೊಟ್ಟರು. ಈಗ ಆ ಮನೆಯಲ್ಲಿ ಸಂಜೆಯ ಕಾಫಿ ಸೊಸೆಯದು.

ಮೊದಲು ನೆನಪಿನಲ್ಲಿಡಿ ಎಂದ ಅಂಶಕ್ಕೆ ಈಗ ಬರೋಣ. ಅಂದು ಬಂದವರಲ್ಲಿ ಹಲವರು ಕೆಂಟ್ಸ್ ಎಂಬ ಹೆಸರು ಕೇಳಿಯೇ ಅದು ಪರದೇಶದ ರುಚಿಯೆಂದು ನಿರೀಕ್ಷಿಸಿದ್ದರು. ಹೆಸರು ಆಂಗ್ಲನದು, ಗಿಡ ಮೈಸೂರು ಸೀಮೆಯದು. ಎಸ್. 795ರಲ್ಲಿ ಅದರ ರಕ್ತ ಹರಿಯುತ್ತಿದೆ; ಮೂರು ತಲೆಮಾರಿನಿಂದ ನಮ್ಮ ಮನೆಗಳ ಪುಡಿಯಲ್ಲಿದ್ದ ಅರೇಬಿಕಾದ ಪಾಲಿನಲ್ಲಿ ಎಷ್ಟೋ ಭಾಗ ಆ ಸಂತಾನದ್ದೇ. ನಾವು ಅಪರಿಚಿತವೆಂದು ಬಟ್ಟಲಿನಲ್ಲಿಟ್ಟು ವಿಚಾರಣೆ ಮಾಡಿದ್ದು ನಮ್ಮ ನಿತ್ಯದ ಲೋಟದ ಅಜ್ಜಿಯನ್ನು. ನಿಜವಾಗಿ ಅಪರಿಚಿತವಾಗಿದ್ದದ್ದು ನಿತ್ಯದ ಲೋಟವೇ.

ಇದರಿಂದ ಯಾರಿಗೇನು ಎಂದು ಕೇಳಬಹುದು. ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಭಾಗ ಬೆಳೆಯುವುದು ಕರ್ನಾಟಕದಲ್ಲಿ. ದೇಶದ ಬೆಳೆಯಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಹಡಗು ಹತ್ತಿ ಹೊರಕ್ಕೆ ಹೋಗುತ್ತದೆ. ಬೀಜದ ತಳಿ, ತೋಟ, ಒಣಗಿಸಿದ ರೀತಿ ಇವುಗಳನ್ನು ಕೇಳಿ ಬೆಲೆ ಕಟ್ಟುವವರು ಹೆಚ್ಚಾಗಿ ಅಲ್ಲಿಯವರು. ನಾವು ಇಲ್ಲಿ ‘ಒಂದು ಪಾವು ಕಾಫಿಪುಡಿ’ ಎಂದಷ್ಟೆ ಕೇಳುತ್ತೇವೆ. ಕೇಳುವವರಿಲ್ಲದ ಗುಣವನ್ನು ಬೆಳೆಗಾರ ಯಾವ ಆಸೆಯಿಂದ ಕಾಪಾಡಬೇಕು? ರೋಗದ ಭಯ, ಆಳಿನ ಅಭಾವ, ಇಳುವರಿಯ ಚಿಂತೆ ಇವೆಲ್ಲವೂ ‘ಕಿತ್ತುಹಾಕು’ ಎನ್ನುವಾಗ, ‘ಉಳಿಸಿಕೊ’ ಎನ್ನುವುದಕ್ಕೆ ಕುಡಿಯುವವರ ನಾಲಗೆಯೊಂದೇ ಸಾಕ್ಷಿ. ನಮ್ಮ ಶಿಷ್ಯರಿಗೆ ಏಳು ಚೀಟಿಗಳನ್ನೂ ಲಕೋಟೆಯಲ್ಲಿಟ್ಟು ಕಳುಹಿಸಿದೆವು, ಹಾಲಿನಲ್ಲಿ ಸೋತದ್ದನ್ನೂ ಬಚ್ಚಿಡದೆ. ಸದ್ಯಕ್ಕೆ ಅರ್ಧ ಎಕರೆಯನ್ನು ಬಿಟ್ಟುಕೊಂಡಿರುವುದಾಗಿ ಅವರ ಉತ್ತರ ಬಂದಿದೆ. ಮುಂದಿನದು ಅವರ ಮಗನ ವಿವೇಕಕ್ಕೆ ಸೇರಿದ್ದು. ನಷ್ಟವನ್ನು ಹೊರುವವರಿಗೆ ಲೋಟ ಹಿಡಿದವರು ಉಪದೇಶ ಮಾಡುವುದು ತರವಲ್ಲ.

ಈ ವಿದ್ಯೆ ಹೆಂಗಸರಿಗೆ ಸಲ್ಲದೆಂದು ಯಾರೂ ತಿಳಿಯಬೇಕಾಗಿಲ್ಲ. ಏಷ್ಯಾದಲ್ಲಿಯೇ ಇದನ್ನು ವೃತ್ತಿಯಾಗಿ ಹಿಡಿದ ಮೊದಲ ಮಹಿಳೆಯೆಂದು ಹೆಸರಾದ ಸುನಾಲಿನಿ ಮೆನನ್ ಅವರು ಬೆಂಗಳೂರಿನ ಕಾಫಿ ಮಂಡಲಿಯಲ್ಲಿ ಗುಣಪರೀಕ್ಷೆಯ ವಿಭಾಗದ ಮುಖ್ಯಸ್ಥರಾಗಿದ್ದವರು. ಸಾರಿನ ಹದವನ್ನು ವಾಸನೆಯಿಂದಲೇ ತಿಳಿಯುವ ನಮ್ಮ ಗೃಹಿಣಿಯರಿಗೆ ಅರ್ಧ ವಿದ್ಯೆ ಆಗಲೇ ಬಂದಿದೆ.

ಕೊನೆಯದಾಗಿ, ಪುಡಿ ಕೊಳ್ಳುವಾಗ ಉಪಯೋಗಕ್ಕೆ ಬರುವ ಕೆಲವು ಮಾತುಗಳು. ಪೀಬರಿ ಎಂಬುದು ತಳಿಯಲ್ಲ. ಹಣ್ಣಿನಲ್ಲಿ ಎರಡು ಬೀಜಗಳ ಬದಲು ಒಂದೇ ದುಂಡಾಗಿ ಬೆಳೆದದ್ದು. ಪ್ಲಾಂಟೇಶನ್ ಎಂದರೆ ತೊಳೆದು ಒಣಗಿಸಿದ ಅರೇಬಿಕಾ. ಅದರ ಮುಂದಿನ ಎ, ಬಿ ಅಕ್ಷರಗಳು ಬೀಜದ ಗಾತ್ರವನ್ನು ಹೇಳುತ್ತವೆ, ರುಚಿಯನ್ನಲ್ಲ. ಚೆರಿ ಎಂದರೆ ಹಣ್ಣಿನ ಸಮೇತ ಒಣಗಿಸಿದ್ದು. ಅಂಗಡಿಯವರನ್ನು ಮೂರು ಪ್ರಶ್ನೆ ಕೇಳಿರಿ: ಯಾವ ಬೀಜ, ಎಷ್ಟು ಚಿಕೋರಿ, ಹುರಿದು ಎಷ್ಟು ದಿನವಾಯಿತು? ಹೊಸದೇನಾದರೂ ಸಿಕ್ಕಿದರೆ ಕಾಲು ಕಿಲೋ ತಂದು, ಒಂದು ರಜದ ದಿನ ಹಾಲಿಲ್ಲದೆ ಒಮ್ಮೆ, ಹಾಲಿನೊಡನೆ ಒಮ್ಮೆ, ಬೆಲ್ಲದೊಡನೆ ಒಮ್ಮೆ ಮಾಡಿನೋಡಿರಿ. ಎಲ್ಲರ ಕೈಗೂ ಚೀಟಿ ಕೊಡಿರಿ. ಓದುವಾಗ ಕಿರಿಯರದನ್ನು ಮೊದಲು ಓದಿರಿ.